ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟ್ ಇಲ್ಲ, ಮಾವನ ಸಿಪ್ಯಾಪ್ ಹೇಗೆ ನಡೆಸೋದು?

ಅಡಿಕೆಮನೆ ಸೊಸೆ (ತೀರ್ಥಹಳ್ಳಿ ತಾಲೂಕು)

ಎಲ್ಲರಿಗೂ ನಮಸ್ಕಾರ. ವಿಷಯ ನನ್ನ ಮಾವನವರದು. ವಯಸ್ಸು 67. ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯ ಕಾಯಿಲೆ. ಹೋದ ಚಳಿಗಾಲದಲ್ಲಿ ಶಿವಮೊಗ್ಗದಲ್ಲಿ ಸ್ಲೀಪ್ ಟೆಸ್ಟ್ ಮಾಡಿಸಿದೆವು. ಎಎಚ್‌ಐ 41 ಬಂತು. ಗಂಟೆಗೆ ಸರಾಸರಿ 41 ಸಲ ಉಸಿರು ಕಟ್ಟುತ್ತದೆ ಇಲ್ಲವೇ ಕುಗ್ಗುತ್ತದೆ ಅಂತ ಲೆಕ್ಕ. 30 ದಾಟಿದರೆ ತೀವ್ರ ಅಂತ ಡಾಕ್ಟರು ಹೇಳಿ ಸಿಪ್ಯಾಪ್ ಬರೆದುಕೊಟ್ಟರು, ಅಂದರೆ ಮಲಗಿದಾಗ ಮಾಸ್ಕ್ ಮೂಲಕ ಗಾಳಿ ಊದಿ ಗಂಟಲ ದಾರಿ ತೆರೆದಿಡುವ ಮಿಷನ್. ರೆಸ್‌ಮೆಡ್ ಏರ್‌ಸೆನ್ಸ್ 10, ಆಟೋ, ಪ್ರೆಶರ್ 8ರಿಂದ 14. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್.

ಮೊದಮೊದಲು ಮನೆಯಲ್ಲಿ ರಂಪ. "ನಮ್ಮಪ್ಪ ಇದನ್ನೆಲ್ಲ ಮುಖಕ್ಕೆ ಕಟ್ಕೊಂಡು ಮಲಗ್ತಿದ್ನಾ?" ಅಂತ ಕೇಳುತ್ತಿದ್ದರು. ಈಗ ಅವರೇ ಬಿಡುವುದಿಲ್ಲ. ಪೇಪರ್ ಕೈಯಲ್ಲಿ ಹಿಡಿದೇ ತೂಕಡಿಸುವುದು ನಿಂತಿದೆ. ರಾತ್ರಿ ಪದೇ ಪದೇ ಎದ್ದು ಬಚ್ಚಲಿಗೆ ಹೋಗುವುದು ಕಮ್ಮಿಯಾಗಿದೆ. ಅತ್ತೆ ಮತ್ತೆ ಅದೇ ಕೋಣೆಯಲ್ಲಿ ಮಲಗುತ್ತಿದ್ದಾರೆ. ಮಿಷನ್‌ಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ತೊಂದರೆ ಶುರುವಾಗಿದ್ದು ಜೂನ್‌ನಲ್ಲಿ. ನಮ್ಮದು ಲೈನಿನ ಕೊನೇ ಮನೆ. ಲೈನ್ ಬರುವುದು ಕಾಡಿನ ಒಳಗಿಂದ. ಗಾಳಿ ಮಳೆಗೆ ಒಂದು ಮರ ಬಿದ್ದರೆ ಎಲ್ಲಿ ಬಿದ್ದಿದೆ ಅಂತ ಹುಡುಕುವುದಕ್ಕೇ ಲೈನ್‌ಮ್ಯಾನ್‌ಗೆ ಅರ್ಧ ದಿನ ಬೇಕು. ಪಾಪ, ಅವರೂ ಜಿಗಣೆ ಕಚ್ಚಿಸಿಕೊಂಡೇ ಕೆಲಸ ಮಾಡುತ್ತಾರೆ. ಎರಡು ದಿನ ಕರೆಂಟ್ ಇಲ್ಲದಿರುವುದು ಇಲ್ಲಿ ಸುದ್ದಿಯೇ ಅಲ್ಲ.

ಇನ್ವರ್ಟರ್ ಇದೆ. ಒಂದು 150 ಎಎಚ್ (ಆಂಪಿಯರ್ ಅವರ್) ಟ್ಯೂಬ್ಯುಲರ್ ಬ್ಯಾಟರಿ, ನಾಲ್ಕು ವರ್ಷ ಹಳೆಯದು. ಸಂಜೆ ಆರಕ್ಕೆ ಲೈಟು, ಟಿವಿ, ವೈಫೈ, ಎಲ್ಲರ ಮೊಬೈಲ್ ಚಾರ್ಜಿಂಗ್ ಎಲ್ಲ ಅದರ ಮೇಲೆ. ಹತ್ತಕ್ಕೆ ಸಿಪ್ಯಾಪ್. ರಾತ್ರಿ ಎರಡರ ಹೊತ್ತಿಗೆ ಕೀ ಕೀ ಅಂತ ಕೂಗಲು ಶುರು. ಮಾರನೇ ದಿನ ಕರೆಂಟ್ ಬಂದರೂ ವೋಲ್ಟೇಜ್ ಇರುವುದಿಲ್ಲ. ಟ್ಯೂಬ್‌ಲೈಟ್ ಹತ್ತುವುದೇ ಇಲ್ಲ, ಬಲ್ಬು ಮಿಣಮಿಣ ಅನ್ನುತ್ತದೆ. ಬ್ಯಾಟರಿ ತುಂಬುವುದಿಲ್ಲ. ಎರಡನೇ ರಾತ್ರಿ ಹನ್ನೊಂದಕ್ಕೇ ಕತೆ ಮುಗಿಯುತ್ತದೆ.

ಮಿಷನ್ ನಿಂತಾಗ ಮಾವ ಉಸಿರು ಕಟ್ಟಿದ ಹಾಗಾಗಿ ಗಾಬರಿಯಿಂದ ಎದ್ದು ಮಾಸ್ಕ್ ಕಿತ್ತು ಎಸೆಯುತ್ತಾರೆ. ಆಮೇಲೆ ಮಲಗಲು ಹೆದರಿಕೆ. ಬೆಳಗಿನವರೆಗೆ ಆರಾಮ ಕುರ್ಚಿಯಲ್ಲಿ ಕೂತಿರುತ್ತಾರೆ. ಬೆಳಗಾದರೆ ಬಿಪಿ ಜಾಸ್ತಿ, ಸಿಟ್ಟು ಅದಕ್ಕಿಂತ ಜಾಸ್ತಿ. ಅದರ ಮೇಲೆ ಜೀಪ್ ತೆಗೆದುಕೊಂಡು ಪೇಟೆಗೆ ಹೋಗುತ್ತೇನೆ ಅಂತ ಹಟ. ಕೀಲಿ ಈಗ ಅಕ್ಕಿ ಡಬ್ಬಿಯಲ್ಲಿದೆ. ಇದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವರು ಇಲ್ಲಿ ಓದುವವರೂ ಅಲ್ಲ.

ಇಂಥ ಊರಲ್ಲಿ ಸಿಪ್ಯಾಪ್ ಬಳಸುವವರು ಏನು ಮಾಡುತ್ತೀರಿ? ಇನ್ನೊಂದು ಬ್ಯಾಟರಿ ಹಾಕಿಸಬೇಕೇ? ಸೋಲಾರ್? ಏನೂ ಇಲ್ಲದ ರಾತ್ರಿ ಅವರನ್ನು ಹೇಗೆ ಮಲಗಿಸುವುದು? ದಯವಿಟ್ಟು ಬೆಂಗಳೂರಿಗೆ ಕಳಿಸಿ ಅಂತ ಹೇಳಬೇಡಿ. ಕೊಳೆ ಔಷಧಿ ಹೊಡೆಯುವ ಕಾಲದಲ್ಲಿ ಅವರು ತೋಟ ಬಿಟ್ಟು ಬರುವುದಿಲ್ಲ.

---

ನಿದ್ದೆರಾಮ

2 ಬ್ಯಾಟರಿಯ ದೊಡ್ಡ ಇನ್ವರ್ಟರ್ ಹಾಕಿಸಿ ಅಕ್ಕ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಜನರೇಟರ್ ಇರುವುದರಿಂದ ನನಗೆ ಈ ಸಮಸ್ಯೆ ಬಂದಿಲ್ಲ. ಛಾವಣಿ ಮೇಲೆ ಸೋಲಾರ್ ಕೂಡ ಹಾಕಿಸಬಹುದು, ಈಗ ಸಬ್ಸಿಡಿ ಇದೆ.

---

ಗೊರಕೆ ಮೇಷ್ಟ್ರು (ಹೊಸನಗರ)

ತಂಗೀ, ನಾನು ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ವಿಜ್ಞಾನ ಹೇಳುತ್ತಿದ್ದೆ. ನನಗೂ ಇದೇ ಕಾಯಿಲೆ, ಇದೇ ಮಿಷನ್, ಇದೇ ಮಳೆ. ಮೇಲಿನ ತಮ್ಮ ಒಳ್ಳೆ ಮನಸ್ಸಿನಿಂದ ಹೇಳಿದ್ದಾರೆ, ಆದರೆ ಆಷಾಢದಲ್ಲಿ ಸೋಲಾರ್ ನಂಬಿ ಕೂರುವ ಊರಲ್ಲ ನಮ್ಮದು. ಬಿಸಿಲಿನ ಮುಖ ನೋಡಿ ವಾರ ಆಗಿರುತ್ತದೆ. ದೊಡ್ಡ ಇನ್ವರ್ಟರ್ ಕೂಡ ನಿಮ್ಮ ಸಮಸ್ಯೆಗೆ ಮದ್ದಲ್ಲ. ಅದನ್ನು ತುಂಬಿಸಲು ವೋಲ್ಟೇಜ್ ಎಲ್ಲಿದೆ?

ಮೊದಲು ಇವತ್ತೇ ಮಾಡಬಹುದಾದ್ದು. ಖರ್ಚಿಲ್ಲ. ಮಿಷನ್‌ನ ನೀರಿನ ತೊಟ್ಟಿಯ ಕೆಳಗೆ ಹೀಟರ್ ಪ್ಲೇಟ್ ಇದೆ ಅಲ್ವಾ, ಅದನ್ನು ಆಫ್ ಮಾಡಿ. ಸೆಟ್ಟಿಂಗ್‌ನಲ್ಲಿ ಹ್ಯುಮಿಡಿಟಿ ಲೆವೆಲ್ ಅಂತ ಇರುತ್ತದೆ. ಬಿಸಿ ಆಗುವ ಟ್ಯೂಬ್ ಇದ್ದರೆ ಕ್ಲೈಮೇಟ್ ಕಂಟ್ರೋಲ್ ಅನ್ನು ಆಟೋದಿಂದ ಮ್ಯಾನ್ಯುಯಲ್‌ಗೆ ತಂದು ಟ್ಯೂಬ್ ಟೆಂಪರೇಚರ್ ಕೂಡ ಆಫ್ ಮಾಡಿ. ಕರೆಂಟ್ ಕುಡಿಯುವುದು ಗಾಳಿ ಊದುವ ಮೋಟಾರ್ ಅಲ್ಲ, ಈ ಹೀಟರ್.

ನಾನು ಪ್ಲಗ್‌ಗೆ ಸಿಕ್ಕಿಸುವ ವ್ಯಾಟ್ ಮೀಟರ್ ಹಾಕಿ ನೋಡಿದ್ದೇನೆ. ಹೀಟರ್ ಇದ್ದಾಗ 40ರಿಂದ 60 ವ್ಯಾಟ್ ನಡುವೆ ಕುಣಿಯುತ್ತದೆ. ಆಫ್ ಮಾಡಿದರೆ 8ರಿಂದ 12ರ ಆಸುಪಾಸು. ಉಸಿರು ಎಳೆದಾಗ ಅಂಕಿ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಮಾಸ್ಕ್ ಸರಿಯಾಗಿ ಕೂರದೆ ಪಕ್ಕದಿಂದ ಗಾಳಿ ಸೋರಿದರೆ ಏರಿಯೇ ಇರುತ್ತದೆ. ಒಂದು ರಾತ್ರಿ ಅದನ್ನು ನೋಡುತ್ತಾ ಕೂತು ನಿದ್ದೆಯೇ ಮಾಡಲಿಲ್ಲ, ಅದು ಬೇರೆ ಮಾತು. ಮಾವನವರ ಪ್ರೆಶರ್ 14ರವರೆಗೆ ಹೋಗುತ್ತದೆ ಅಂದಿದ್ದೀರಿ. ಅವರದು ನನ್ನದಕ್ಕಿಂತ ಸ್ವಲ್ಪ ಜಾಸ್ತಿ ಆಗಬಹುದು. 15 ಅಂತ ಹಿಡಿಯಿರಿ.

ಬಿಸಿ ಹವೆ ಇಲ್ಲದಿದ್ದರೆ ಗಂಟಲು ಒಣಗುತ್ತದೆ ಅನ್ನುತ್ತಾರೆ. ಬೇಸಿಗೆಯಲ್ಲಿ, ಚಳಿಗಾಲದಲ್ಲಿ ಹೌದು. ಜುಲೈನಲ್ಲಿ ನಮ್ಮ ಮನೆಗಳಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಗಂಟಲು ಎಲ್ಲಿ ಒಣಗಬೇಕು? ತೊಟ್ಟಿಯಲ್ಲಿ ನೀರು ಇದ್ದರೆ ಹೀಟರ್ ಇಲ್ಲದೆಯೂ ಸ್ವಲ್ಪ ತೇವ ಸಿಗುತ್ತದೆ.

ಇನ್ನು ಇನ್ವರ್ಟರ್. ಅದರ ಮೇಲೆ ಅಥವಾ ಹಿಂದೆ ಒಂದು ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್ ಮತ್ತು ನಾರ್ಮಲ್ ಅಥವಾ ಇಕೋ ಅಂತ. ಯುಪಿಎಸ್ ಮೋಡ್‌ನಲ್ಲಿ ಇದ್ದರೆ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದ ತಕ್ಷಣ ಅದು ಕರೆಂಟ್ ಹೋಯಿತು ಅಂತಲೇ ತಿಳಿಯುತ್ತದೆ. ಮನೆಗೆ ಕರೆಂಟ್ ಬಂದಿದ್ದರೂ ಬ್ಯಾಟರಿ ಖಾಲಿ ಮಾಡುತ್ತಾ ಇರುತ್ತದೆ! ನಿಮ್ಮದು ತುಂಬದೇ ಇರುವುದಕ್ಕೆ ಇದೂ ಕಾರಣ ಇರಬಹುದು. ಮೊದಲು ಆ ಸ್ವಿಚ್ ನೋಡಿ. ಆಮೇಲೆ ಬ್ಯಾಟರಿ ನೀರು. ಬಾವಿ ನೀರು ಹಾಕುವವರನ್ನು ನೋಡಿದ್ದೇನೆ. ಡಿಸ್ಟಿಲ್ಡ್ ವಾಟರ್ ಮಾತ್ರ.

ಎಲ್ಲ ಸರಿ ಇದ್ದರೂ ಸಿಪ್ಯಾಪನ್ನು ಇನ್ವರ್ಟರ್ ಮೇಲೆ ನಡೆಸುವುದು ದಂಡ ಅಂತಲೇ ನನ್ನ ಅಭಿಪ್ರಾಯ. ಬ್ಯಾಟರಿಯ 12 ವೋಲ್ಟ್ ಡಿಸಿಯನ್ನು ಅದು 230 ಎಸಿ ಮಾಡುತ್ತದೆ. ಮಿಷನ್‌ನ ಅಡಾಪ್ಟರ್ ಅದನ್ನು ಮತ್ತೆ 24 ವೋಲ್ಟ್ ಡಿಸಿ ಮಾಡುತ್ತದೆ. ಮಧ್ಯದಲ್ಲಿ ಇನ್ವರ್ಟರ್ ತಾನು ಬದುಕಿರಲಿಕ್ಕೇ ಹತ್ತಿಪ್ಪತ್ತು ವ್ಯಾಟ್ ತಿನ್ನುತ್ತದೆ, ಅಂದರೆ ಸಿಪ್ಯಾಪ್ ತಿನ್ನುವಷ್ಟೇ. ಒಬ್ಬನ ಗಂಜಿಗೆ ಮದುವೆ ಮನೆ ಹಂಡೆ ಒಲೆ ಮೇಲೆ ಇಟ್ಟ ಹಾಗೆ.

ನನ್ನ ಏರ್ಪಾಡು ಹೀಗಿದೆ. ಮಂಚದ ಪಕ್ಕ 12.8 ವೋಲ್ಟ್ 30 ಎಎಚ್‌ನ ಒಂದು ಲಿಥಿಯಂ ಬ್ಯಾಟರಿ. ಲಿಥಿಯಂ ಐರನ್ ಫಾಸ್ಫೇಟ್ ಅಂತ ಕೇಳಿ ತೆಗೆದುಕೊಳ್ಳಿ. ಒಳಗೆ ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್, ಇರಲೇಬೇಕು. ಅದರಿಂದ ಕಾರಿನ ಲೈಟರ್ ಸಾಕೆಟ್, ಅದಕ್ಕೆ 12 ವೋಲ್ಟನ್ನು 24 ಮಾಡಿಕೊಡುವ ಮಿಷನ್‌ನ ಡಿಸಿ ಕನ್ವರ್ಟರ್. ಅಷ್ಟೇ. ಲೆಕ್ಕ ಹಾಕಿ: 12.8 ಗುಣಿಸು 30, 384 ವ್ಯಾಟ್ ಅವರ್. ಮಾವನವರಿಗೆ 15 ವ್ಯಾಟ್, 8 ಗಂಟೆ, 120. ಕನ್ವರ್ಟರ್ ನಷ್ಟ ಸೇರಿಸಿ 140 ಅನ್ನಿ. ಎರಡು ರಾತ್ರಿ ಧಾರಾಳ, ಮೂರನೆಯದಕ್ಕೂ ಒಂದಿಷ್ಟು ಉಳಿಯುತ್ತದೆ. ಅದೇ ಹೀಟರ್ ಹಾಕಿದರೆ 50 ವ್ಯಾಟ್, 8 ಗಂಟೆ, 400. ಒಂದು ರಾತ್ರಿಯೂ ಇಲ್ಲ.

ಕನ್ವರ್ಟರ್ ವಿಷಯದಲ್ಲಿ ಜುಗ್ಗತನ ಬೇಡ. ಏರ್‌ಸೆನ್ಸ್ 10ಕ್ಕೆ 24 ವೋಲ್ಟ್ ಬೇಕು, ಪಿನ್ ಕೂಡ ಬೇರೆ ತರಹದ್ದು. ಆ ಮಾಡೆಲ್‌ಗೇ ಅಂತ ಬರುವುದನ್ನು ಮಿಷನ್ ಕೊಟ್ಟವರಲ್ಲಿ ಕೇಳಿ. ಪೇಟೆಯ ರಿಪೇರಿ ಹುಡುಗ ಎರಡು ವೈರ್ ಕತ್ತರಿಸಿ ಜೋಡಿಸಿಕೊಡುತ್ತೇನೆ ಅಂದರೆ ಬೇಡ ಅನ್ನಿ. ಪ್ಲಸ್ ಮೈನಸ್ ತಿರುಗಿದರೆ ಮಿಷನ್ ಹೋಯಿತು. ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ಒಂದು ಫ್ಯೂಸ್ ಇರಲಿ. ಎಷ್ಟು ಆಂಪ್ಸ್ ಅಂತ ಕನ್ವರ್ಟರ್ ಜೊತೆ ಬರುವ ಹಾಳೆಯಲ್ಲಿರುತ್ತದೆ.

ಈಗ ಮುಖ್ಯವಾದ್ದು. ಚಾರ್ಜರ್ ಮೇಲೆ ಇನ್‌ಪುಟ್ 100-240 ವೋಲ್ಟ್ ಅಂತ ಬರೆದಿರುವುದನ್ನೇ ತನ್ನಿ. ನಿಮ್ಮ ಮನೆಗೆ 140 ಬರಲಿ, 150 ಬರಲಿ, ಅದು ಪೂರ್ತಿ ತುಂಬಿಸುತ್ತದೆ. ಬಲ್ಬು ಮಿಣಮಿಣ ಅನ್ನುವಾಗಲೂ ಮೊಬೈಲ್ ಚಾರ್ಜ್ ಆಗುವುದನ್ನು ನೋಡಿದ್ದೀರಲ್ಲ, ಅದೇ ಕಾರಣ. ನಾಲ್ಕೈದು ಗಂಟೆ ಅರೆಬರೆ ಕರೆಂಟ್ ಬಂದರೆ ಸಾಕು.

---

ಅಡಿಕೆಮನೆ ಸೊಸೆ

ಮೇಷ್ಟ್ರೇ, ತುಂಬಾ ಉಪಕಾರ ಆಯಿತು. ಓದಿದ ತಕ್ಷಣ ಇನ್ವರ್ಟರ್ ಹಿಂದೆ ಟಾರ್ಚ್ ಹಾಕಿ ನೋಡಿದೆ. ಯುಪಿಎಸ್ ಮೋಡ್‌ನಲ್ಲೇ ಇತ್ತು. ಹಾಕಿಕೊಟ್ಟು ಹೋದವರು ಹೇಳಿರಲಿಲ್ಲ.

ಇನ್ನು ಮೂರು ಸಂಶಯ. ಬ್ಯಾಟರಿ ಬರುವವರೆಗೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್‌ನ ಬ್ಯಾಟರಿ ಬಳಸಬಹುದೇ? ಅದೂ 12 ವೋಲ್ಟ್, 8 ಎಎಚ್ ಅಂತ ಇದೆ. ಎರಡನೆಯದು ಗುಡುಗು. ಗುಡುಗು ಶುರುವಾದರೆ ನಮ್ಮಲ್ಲಿ ಎಲ್ಲ ಪ್ಲಗ್ ಕೀಳುತ್ತೇವೆ, ಇನ್ವರ್ಟರ್‌ದೂ ಸೇರಿ. ಆಗ ಏನು? ಮೂರನೆಯದು, ನಮ್ಮ ಮನೆಯವರು ಸಣ್ಣ ಪೆಟ್ರೋಲ್ ಜನರೇಟರ್ ತಂದು ಜಗಲಿಯಲ್ಲಿ ಇಡೋಣ ಅನ್ನುತ್ತಿದ್ದಾರೆ. ಮಾವನ ಕೋಣೆಯ ಕಿಟಕಿ ಜಗಲಿಗೇ ತೆರೆಯುತ್ತದೆ, ವೈರ್ ಎಳೆಯಲು ಸುಲಭ ಅಂತ.

---

ಹೂಸ್ಟನ್ ಹುಬ್ಬಳ್ಳಿ

ಜಗಲಿಯಲ್ಲಿ ಜನರೇಟರ್ ಬೇಡವೇ ಬೇಡ ಅಕ್ಕಾರ! ನಾನು ಟೆಕ್ಸಾಸ್‌ನಾಗ ಇರೋದು. ಜುಲೈ 2024ರಲ್ಲಿ ಬೆರಿಲ್ ಚಂಡಮಾರುತ ಬಂದಾಗ ಹೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಜಾಸ್ತಿ ಕನೆಕ್ಷನ್‌ಗಳಿಗೆ ಕರೆಂಟ್ ಹೋಗಿತ್ತು. ನಮ್ಮ ಓಣಿಗೂ ಹಲವು ದಿನ ಇರಲಿಲ್ಲ. ಇಲ್ಲಿ ಪ್ರತಿ ಚಂಡಮಾರುತದ ಹಿಂದೆ ಜನರೇಟರ್ ಹೊಗೆಯಿಂದ ಜನ ಆಸ್ಪತ್ರೆ ಸೇರುತ್ತಾರೆ, ಸಾಯುತ್ತಾರೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಪ್ಯಾಪ್ ಕೋಣೆಯ ಗಾಳಿಯನ್ನೇ ಎಳೆದು ಊದುತ್ತದೆ, ಅದರ ಫಿಲ್ಟರ್ ಧೂಳು ಹಿಡಿಯುತ್ತದೆ, ಈ ಅನಿಲ ಹಿಡಿಯುವುದಿಲ್ಲ. ಇಟ್ಟರೆ ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆ ಕೊಳವೆ ಕಿಟಕಿ ಬಾಗಿಲುಗಳಿಂದ ಆ ಕಡೆ ತಿರುಗಿರಬೇಕು. ಅದೂ ಹಗಲು ಬ್ಯಾಟರಿ ತುಂಬಿಸಲಿಕ್ಕೆ ಮಾತ್ರ.

ನಾನು ಆವಾಗ ಕಾರಿನ ಸಾಕೆಟ್‌ನಿಂದ ಹಗಲು ಬ್ಯಾಟರಿ ತುಂಬಿಸಿಕೊಂಡು ರಾತ್ರಿ ಮಿಷನ್ ನಡೆಸಿದೆ. ಕಾರು ಅಂಗಳದಲ್ಲಿ, ಎಂಜಿನ್ ಚಾಲೂ ಇಟ್ಟು. ಗ್ಯಾರೇಜಿನ ಒಳಗೆ ಅಲ್ಲ.

---

ಸ್ಲೀಪ್ ಲ್ಯಾಬ್ ಹುಡುಗಿ (ಮಂಗಳೂರು)

ಅಕ್ಕಾ, ನಾನು ಸ್ಲೀಪ್ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಮಿಷನ್ ನಿಂತ ರಾತ್ರಿಯ ಬಗ್ಗೆ ಹೇಳುತ್ತೇನೆ.

ಬಹಳಷ್ಟು ಸಿಪ್ಯಾಪ್‌ಗಳಲ್ಲಿ ಒಳಗೆ ಬ್ಯಾಟರಿ ಇಲ್ಲ. ಕರೆಂಟ್ ಹೋದರೆ ಕೂಗುವ ಅಲಾರಂ ಕೂಡ ಇಲ್ಲ. ಗಾಳಿ ನಿಂತರೆ ಬಿಟ್ಟ ಉಸಿರೇ ಟ್ಯೂಬ್, ಮಾಸ್ಕ್ ಒಳಗೆ ಉಳಿಯುತ್ತದೆ. ಅದಕ್ಕೇ ಮಾವನವರಿಗೆ ಕಟ್ಟಿದ ಹಾಗೆ ಆಗುವುದು. ಮುಖ ಪೂರ್ತಿ ಮುಚ್ಚುವ ಮಾಸ್ಕ್‌ಗಳಲ್ಲಿ ಇದಕ್ಕಂತಲೇ ಒಂದು ವಾಲ್ವ್ ಇದೆ. ಟ್ಯೂಬ್ ಸೇರುವ ಮೊಣಕೈ ಭಾಗದಲ್ಲಿ ಒಂದು ತೆಳು ಸಿಲಿಕೋನ್ ರೆಕ್ಕೆ. ಮಿಷನ್ ಊದುವಾಗ ಮುಚ್ಚಿರುತ್ತದೆ, ನಿಂತರೆ ತೆರೆದು ಹೊರಗಿನ ಗಾಳಿ ಬಿಡುತ್ತದೆ. ಅಂದರೆ ಉಸಿರು ಪೂರ್ತಿ ಕಟ್ಟುವುದಿಲ್ಲ ಅಂತ ಅವರಿಗೆ ತೋರಿಸಿ ಹೇಳಿ. ಹಗಲು ಹೊತ್ತಿನಲ್ಲಿ ಮಾಸ್ಕ್ ಹಾಕಿಸಿ, ಮಿಷನ್ ಆಫ್ ಮಾಡಿ, ಅವರೇ ಉಸಿರಾಡಿ ನೋಡಲಿ. ಅರ್ಧ ಗಾಬರಿ ಅಲ್ಲೇ ಹೋಗುತ್ತದೆ. ಆ ವಾಲ್ವ್ ತೊಳೆಯುವಾಗ ಅಂಟಿಕೊಂಡಿಲ್ಲ, ಹರಿದಿಲ್ಲ ಅಂತ ನೋಡಿಕೊಳ್ಳಿ. ಹಾಗಂತ ನಿಂತ ಮಿಷನ್‌ನ ಮಾಸ್ಕ್ ಹಾಕಿಕೊಂಡೇ ಮಲಗುವುದು ಬೇಡ. ತೆಗೆದುಬಿಡಬೇಕು.

ಕುರ್ಚಿಯಲ್ಲಿ ಕೂರುತ್ತಾರೆ ಅಂದಿರಿ. ಅದು ಪೂರ್ತಿ ತಪ್ಪಲ್ಲ. ಅಂಗಾತ ಮಲಗಿದಾಗಲೇ ನಾಲಿಗೆ, ಗಂಟಲಿನ ಮೆತ್ತನೆ ಭಾಗ ಹಿಂದಕ್ಕೆ ಬಿದ್ದು ದಾರಿ ಮುಚ್ಚುವುದು ಜಾಸ್ತಿ. ಎದೆಯಿಂದಲೇ ಎತ್ತರ ಆಗುವ ಹಾಗೆ ಒರಗಿಸಿ, ಅಥವಾ ಮಗ್ಗುಲಾಗಿ ಮಲಗಿಸಿ. ಬರೀ ತಲೆದಿಂಬು ಎರಡು ಹಾಕಿದರೆ ಕುತ್ತಿಗೆ ಮಡಚಿ ಇನ್ನೂ ತೊಂದರೆ. ಬೆನ್ನಿನ ಹಿಂದೆ ಉದ್ದಕ್ಕೆ ಸುತ್ತಿದ ಕಂಬಳಿ ಕೊಟ್ಟರೆ ಅಂಗಾತ ತಿರುಗುವುದಿಲ್ಲ. ಮೂಗು ಕಟ್ಟಿದ್ದರೆ ಸಲೈನ್ ಹನಿ ಹಾಕಿ. ಆ ರಾತ್ರಿ ಒಂದು ಗುಟುಕು ಕೂಡ ಹೆಂಡ ಬೇಡ. ನಿದ್ದೆ ಮಾತ್ರೆ ತಾವಾಗಿಯೇ ನುಂಗುವುದಂತೂ ಬೇಡ. ಎರಡೂ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲ ಮಾಡುತ್ತವೆ.

ಒಂದೆರಡು ರಾತ್ರಿ ಸಿಪ್ಯಾಪ್ ತಪ್ಪಿದರೆ ಬರೀ ಸ್ಲೀಪ್ ಆಪ್ನಿಯ ಇರುವ ಹೆಚ್ಚಿನವರಿಗೆ ಸುಸ್ತು, ತಲೆನೋವು, ಗೊರಕೆ ವಾಪಸ್ ಬರುತ್ತದೆ, ಅಷ್ಟೇ. ಆದರೆ ಹೃದಯ ವೈಫಲ್ಯ ಇರುವವರು, ಬೈಪ್ಯಾಪ್ (ಉಸಿರು ಎಳೆಯುವಾಗ, ಬಿಡುವಾಗ ಬೇರೆ ಬೇರೆ ಪ್ರೆಶರ್ ಕೊಡುವ ಮಿಷನ್) ಮೇಲಿರುವವರು, ಮನೆಯಲ್ಲಿ ಆಕ್ಸಿಜನ್ ತೆಗೆದುಕೊಳ್ಳುವವರು ಹಾಗೆ ಅಂದುಕೊಳ್ಳಬಾರದು. ಮಾವನವರಿಗೆ ಬಿಪಿ ಬೇರೆ ಇದೆ. ಮುಂದಿನ ಸಲ ಹೋದಾಗ ಟೆಸ್ಟ್‌ನಲ್ಲಿ ಆಕ್ಸಿಜನ್ ಎಷ್ಟಕ್ಕೆ ಇಳಿದಿತ್ತು, ಮಿಷನ್ ಇಲ್ಲದೆ ಎಷ್ಟು ರಾತ್ರಿ ಇರಬಹುದು ಅಂತ ಡಾಕ್ಟರ್ ಹತ್ತಿರ ನೇರವಾಗಿ ಕೇಳಿ. ಎದೆ ನೋವು, ಕೂತರೂ ಏದುಸಿರು, ಎಬ್ಬಿಸಿದರೆ ಸರಿಯಾಗಿ ಏಳದೆ ಮಂಕಾಗಿರುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಜೀಪಿನ ಕೀಲಿ ಅಲ್ಲೇ ಇರಲಿ. ನಿದ್ದೆಗೆಟ್ಟ ಮಾರನೇ ದಿನ ಘಾಟಿ ರಸ್ತೆ ಬೇಡವೇ ಬೇಡ.

---

ಗೊರಕೆ ಮೇಷ್ಟ್ರು (ಹೊಸನಗರ)

ಸ್ಪ್ರೇಯರ್ ಬ್ಯಾಟರಿ: 12 ಗುಣಿಸು 8, 96 ವ್ಯಾಟ್ ಅವರ್. ಅವು ಹೆಚ್ಚಾಗಿ ಸೀಸದ ಬ್ಯಾಟರಿ, ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತವೆ. ಅರ್ಧ ಅಂದರೆ 48. ಹೀಟರ್ ಇಲ್ಲದೆ ಮೂರು ಗಂಟೆ, ಹೊಸದಾದರೆ. ಕನ್ವರ್ಟರ್ ಹೇಗೂ ಬೇಕು. ಅದು ಮೊದಲು ಬಂದರೆ ಆ ಮೂರು ಗಂಟೆಯೂ ಲಾಭವೇ. ಔಷಧಿ ಅಂಟಿದ ಡಬ್ಬವನ್ನು ಮಂಚದ ಹತ್ತಿರ ತರಬೇಡಿ, ಬ್ಯಾಟರಿ ಮಾತ್ರ ಬಿಚ್ಚಿ ಒರೆಸಿ ತನ್ನಿ. ಜೀಪಿನ ಬ್ಯಾಟರಿ ಕಳಚುವ ಯೋಚನೆ ಬಂದರೆ ಬಿಡಿ. ಅದು ಸ್ಟಾರ್ಟ್ ಮಾಡಲು ಇರುವುದು, ರಾತ್ರಿಯಿಡೀ ಹೀರಲು ಅಲ್ಲ.

ಗುಡುಗಿನ ವಿಷಯ ಕೇಳಿದ್ದು ಒಳ್ಳೆಯದಾಯಿತು. ನಾನು ಬೇರೆ ಬ್ಯಾಟರಿ ಅಂದಿದ್ದಕ್ಕೆ ಅದೇ ದೊಡ್ಡ ಕಾರಣ. ರಾತ್ರಿ ಮಲಗುವಾಗ ಚಾರ್ಜರನ್ನು ಗೋಡೆಯಿಂದ ಕಿತ್ತುಬಿಡಿ. ಆಗ ಮಿಷನ್‌ಗೂ ಲೈನಿಗೂ ಸಂಬಂಧವೇ ಇಲ್ಲ. ಸಿಡಿಲು ಕಂಬಕ್ಕೆ ಹೊಡೆಯಲಿ, ನ್ಯೂಟ್ರಲ್ ಹೋಗಿ ವೋಲ್ಟೇಜ್ ಒಮ್ಮೆಗೇ ಏರಲಿ, ಮಾವನವರು ನಿದ್ದೆ ಮಾಡುತ್ತಾ ಇರಬಹುದು. ಮಳೆಗಾಲದಲ್ಲಿ ಕರೆಂಟ್ ಇರುವ ರಾತ್ರಿಯೂ ನಾನು ಬ್ಯಾಟರಿ ಮೇಲೇ ಮಲಗುತ್ತೇನೆ. ಹಗಲು ತುಂಬಿಸುತ್ತೇನೆ. ಮಧ್ಯರಾತ್ರಿ ಕರೆಂಟ್ ಹೋದರೂ ಗೊತ್ತಾಗುವುದಿಲ್ಲ.

---

ಅಡಿಕೆಮನೆ ಸೊಸೆ

ಬ್ಯಾಟರಿ ಶಿವಮೊಗ್ಗದಲ್ಲಿ ಸಿಕ್ಕಿತು. ಕನ್ವರ್ಟರ್ ತರಿಸಿಕೊಡುತ್ತೇನೆ ಅಂದಿದ್ದಾರೆ. ಜನರೇಟರ್ ಮಾತು ಮನೆಯಲ್ಲಿ ನಿಂತಿತು. ಹೂಸ್ಟನ್ ಅಣ್ಣನ ಮೆಸೇಜ್ ಜೋರಾಗಿ ಓದಿ ಹೇಳಿದೆ. ಮಿಷನ್ ಆಫ್ ಮಾಡಿ ಮಾಸ್ಕ್‌ನಲ್ಲಿ ಉಸಿರಾಡುವ ಪ್ರಯೋಗವನ್ನು ಮಾವ ಮೂರು ಸಲ ಮಾಡಿ, ಆಮೇಲೆ ಅತ್ತೆಗೂ ಆ ವಾಲ್ವ್ ತೋರಿಸಿ ಪಾಠ ಮಾಡಿದರು. ಹೀಟರ್ ಆಫ್ ಮಾಡಿದ್ದು ಅವರಿಗೆ ಗೊತ್ತೇ ಆಗಿಲ್ಲ.

ಒಂದು ಕೊನೆ ಪ್ರಶ್ನೆ. ನವೆಂಬರ್ ಮೇಲೆ ಇಲ್ಲಿ ಕರೆಂಟ್ ಅಷ್ಟೇನೂ ಹೋಗುವುದಿಲ್ಲ. ಆಗ ಬ್ಯಾಟರಿಯನ್ನು ಏನು ಮಾಡುವುದು?

---

ಗೊರಕೆ ಮೇಷ್ಟ್ರು (ಹೊಸನಗರ)

ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿಸಿ, ವೈರ್ ಎಲ್ಲ ಬಿಚ್ಚಿ, ಅಟ್ಟದ ಮೇಲೆ ಹೆಂಚಿನ ಬಿಸಿ ತಾಗದ ಕಡೆ ಇಡಿ. ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಚಾರ್ಜ್ ನೋಡಿ. ಆಗ ಚಳಿಗೆ ಗಾಳಿ ಒಣಗಿರುತ್ತದೆ, ಹೀಟರ್ ಮತ್ತೆ ಆನ್ ಮಾಡಿ ಗೋಡೆ ಕರೆಂಟ್ ಮೇಲೇ ನಡೆಸಿ. ಮೇ ಮೊದಲ ವಾರ, ಗುಡುಗು ಮಳೆ ಶುರುವಾಗುವ ಮುಂಚೆ ಪೂರ್ತಿ ತುಂಬಿಸಿ. ಕರೆಂಟ್ ಇರುವ ಒಂದು ರಾತ್ರಿ ಬೇಕಂತಲೇ ಬ್ಯಾಟರಿ ಮೇಲೆ ನಡೆಸಿ, ಬೆಳಿಗ್ಗೆ ಎಷ್ಟು ಉಳಿದಿದೆ ಅಂತ ನೋಡಿಕೊಳ್ಳಿ. ಸ್ಪ್ರೇಯರ್‌ಗೆ ಸಾಲ ಕೇಳಿದರೆ ಕೊಡಬೇಡಿ.